ಬಾಗಿಲ ತೆನೆ, ಗೋದಲಿಯ ಗದ್ದೆ

ಮಂಗಳೂರಿನ ಕೊಟ್ಟಾರದ ಹೆದ್ದಾರಿಯಲ್ಲಿ ಲಾರಿಗಳ ದೀಪ ಇನ್ನೂ ಆರಿಲ್ಲ. ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದರೆ ಒಂದು ಮೈದಾನ. ಅಲ್ಲಿ ಒಂದು ಊರು ಅರ್ಧ ಎದ್ದು ನಿಂತಿದೆ. ಶಿಲುಬೆ ಏರಿಸದ ಚರ್ಚಿನ ಗೋಪುರ, ರೆಕ್ಕೆ ಕಟ್ಟದ ಗಾಳಿಯಂತ್ರ, ತೆಂಗಿನ ಮಡಲು ಹೊದೆಸದ ಗುಡಿಸಲುಗಳು, ಬಣ್ಣ ಕಾಣದ ಒಂದು ಒಂಟೆ. ಊರಿದೆ, ಜನ ಇಲ್ಲ. ಹಿಂಬದಿಯ ನೀಲಿ ಟರ್ಪಾಲಿನ ಮರೆಯಲ್ಲಿ ಮಾತ್ರ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತು, ಮರದ ಟ್ರೇಯ ಮೇಲೆ ಹೊದೆಸಿದ ಒದ್ದೆ ಗೋಣಿಯ ಅಂಚನ್ನು ಎತ್ತಿ ನೋಡುತ್ತಿದ್ದಾರೆ. ನೋಡಿ, ಹಾಗೆಯೇ ಮುಚ್ಚುತ್ತಾರೆ. ಪಕ್ಕದ ಟ್ರೇಗೆ ಸರಿಯುತ್ತಾರೆ. ಮತ್ತೆ ಎತ್ತುತ್ತಾರೆ. ಮಗುವಿನ ಜ್ವರ ಇಳಿಯಿತೋ ಇಲ್ಲವೋ ಎಂದು ತೊಟ್ಟಿಲಿಗೆ ಕೈ ಹಾಕುವವರ ಹಾಗೆ ಅವರ ಕೈ ಮೆಲ್ಲನೆ ಹೋಗುತ್ತದೆ.

"ಎದ್ದಿಲ್ಲ ಮಾರ್ರೆ," ಎನ್ನುತ್ತಾರೆ, ನಮ್ಮ ಕಡೆ ತಿರುಗದೆಯೇ. "ಇಷ್ಟೊತ್ತಿಗೆ ಬಿಳಿ ಮೂತಿ ಕಾಣ್ಬೇಕಿತ್ತು. ಒಂದಾದ್ರೂ ಕಾಣ್ಬೇಕಿತ್ತು."

ಇವರು ಕಿನ್ನಿ. ಓಣಿಯವರಿಗೆಲ್ಲ ಕಿನ್ನಿಯಕ್ಕ. ಪ್ರತಿ ಡಿಸೆಂಬರಿನಲ್ಲಿ ಈ ಮೈದಾನದಲ್ಲಿ ಏಳುವ ಕ್ರಿಸ್ಮಸ್ ಗ್ರಾಮಕ್ಕೆ ಗದ್ದೆ ಮಾಡಿಕೊಡುವುದು ಇವರ ಕೆಲಸ. ಮಾತಿಗೆ ಗದ್ದೆ ಎಂದದ್ದಲ್ಲ, ನಿಜವಾದ ಭತ್ತದ ಗದ್ದೆ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಮಾಡಿಡುವ ಗೋದಲಿಯ ಮುಂದೆ ಹಸಿರು ಪೈರು ಇರಬೇಕೆನ್ನುವುದು ಇಲ್ಲಿನ ಕ್ರೈಸ್ತರ ಮನೆಗಳ ಹಳೆಯ ಕ್ರಮ. ಮನೆಯ ಗೋದಲಿಗಾದರೆ ತೆಂಗಿನ ಗೆರಟೆಯಲ್ಲೋ ತಟ್ಟೆಯಂಥ ಬಸಿಯಲ್ಲೋ ಹಿಡಿ ಭತ್ತ ಮೊಳಕೆ ಬರಿಸಿದರೆ ಸಾಕು. ಗ್ರಾಮವೆಂದ ಮೇಲೆ ಗದ್ದೆಯೇ ಬೇಕು.

ಕಿನ್ನಿಯಕ್ಕ ಕೊನೆಯ ಟ್ರೇಯ ಗೋಣಿಯನ್ನು ಪೂರ್ತಿ ತೆಗೆದುಬಿಡುತ್ತಾರೆ. ಬಗ್ಗಿ ಮೂಸುತ್ತಾರೆ. ಹುಳಿ ವಾಸನೆ ನಮ್ಮ ಮೂಗಿಗೂ ಬಡಿಯುತ್ತದೆ. ಮಣ್ಣಿನಿಂದ ನಾಲ್ಕು ಕಾಳು ಹೆಕ್ಕಿ, ಸೀರೆಯ ಸೆರಗಿಗೆ ಒರೆಸಿ, ಒಂದನ್ನು ಮುಂದಿನ ಹಲ್ಲಿನಿಂದ ಕಚ್ಚುತ್ತಾರೆ. ಬಾಯಿಂದ ತೆಗೆದು ಅಂಗೈಯಲ್ಲಿಟ್ಟು, ಬೆಳಕು ಬರುತ್ತಿರುವ ಕಡೆಗೆ ಹಿಡಿಯುತ್ತಾರೆ. ಹಸಿ ಭತ್ತದ ಒಳಗೆ ಹಾಲಿನಂಥ ಬಿಳಿ ಇರಬೇಕು. ಇದರಲ್ಲಿ ಗಾಜಿನ ಚೂರಿನ ಹಾಗೆ ಏನೋ ಮಿನುಗುತ್ತಿದೆ.

"ಅಯ್ಯೋ ದೇವರೇ," ಎಂದು ಅಲ್ಲೇ ನೆಲಕ್ಕೆ ಕೂತುಬಿಡುತ್ತಾರೆ. "ಬೇಯಿಸಿದ ಭತ್ತ ಬಿತ್ತಿದ್ದೇನೆ."

ಈ ತಪ್ಪನ್ನು ಕುಚ್ಚಲಕ್ಕಿ ಉಣ್ಣುವ ಊರಿನವರು ಮಾತ್ರ ಮಾಡಲು ಸಾಧ್ಯ. ನಮ್ಮಲ್ಲಿ ಭತ್ತವನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಮಿಲ್ಲಿಗೆ ಕಳಿಸುತ್ತಾರೆ. ಒಣಗಿದ ಮೇಲೆ ಬೇಯಿಸಿದ್ದಕ್ಕೂ ಬೇಯಿಸದ್ದಕ್ಕೂ ಹೊರಗಿನಿಂದ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಸಿಪ್ಪೆ ತುಸು ಕಂದು ಇರುತ್ತದೆ, ಅಷ್ಟೆ. ಬೆಂದ ಕಾಳಿಗೆ ನೀರು ಕೊಟ್ಟರೂ ಬಿಸಿಲು ಕೊಟ್ಟರೂ ಅದು ಏಳುವುದಿಲ್ಲ.

"ಗಂಟು ಕಟ್ಟಿ ಇಟ್ಟು, ಮೊಳಕೆ ಬಂದದ್ದನ್ನು ಕಣ್ಣಲ್ಲಿ ನೋಡಿಯೇ ಮಣ್ಣಿಗೆ ಹಾಕುದು ಕ್ರಮ," ಎನ್ನುತ್ತಾರೆ ಕಿನ್ನಿಯಕ್ಕ. "ಈ ಸಲ ಗೋಣಿ ಬರುವಾಗಲೇ ತಡ ಆಯ್ತು. ಅರ್ಜೆಂಟಲ್ಲಿ ಒಂದು ರಾತ್ರಿ ನೆನೆ ಹಾಕಿ ಸೀದಾ ಬಿತ್ತಿದೆ. ಇಷ್ಟು ವರ್ಷ ಮಾಡದ ಬುದ್ಧಿವಂತಿಕೆ ಈ ವರ್ಷ ಮಾಡಿದೆ ನೋಡಿ."

ಗ್ರಾಮದ ಗೇಟು ತೆರೆಯಲು ಇನ್ನು ಹತ್ತು ದಿನವೂ ಇಲ್ಲ.

ಬೀಜ ಪ್ರತಿವರ್ಷ ಬರುವುದು ಬಜಪೆಯ ಬಳಿ ಇರುವ ಅವರ ತವರಿನಿಂದ. ಅಲ್ಲಿ ಅಣ್ಣ ಇನ್ನೂ ಊರ ಭತ್ತ ಬೆಳೆಯುತ್ತಾರೆ. ಅಪ್ಪನ ಕಾಲದಿಂದ ಬಂದ ತಳಿ, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಗೋಣಿ ತಂದವರು ಕಿನ್ನಿಯಕ್ಕನ ಮಗ ಮುಖೇಶ್, ತಮ್ಮ ಸಾಮಾನು ಸಾಗಿಸುವ ಟೆಂಪೋದಲ್ಲಿ. ಚಾವಡಿಯ ಮೂಲೆಯ ಗೋಣಿ ತಾ ಎಂದು ಅಮ್ಮ ಹೇಳಿದ್ದರು, ಚಾವಡಿಯ ಮೂಲೆಯ ಗೋಣಿಯನ್ನೇ ಅವರು ತಂದಿದ್ದಾರೆ. ನಡುವೆ ನೆಲ ಸಾರಿಸಲೆಂದು ಯಾರೋ ಗೋಣಿಗಳ ಜಾಗ ಬದಲಿಸಿದ್ದು ಯಾರಿಗೂ ನೆನಪಿಲ್ಲ.

ಕಿನ್ನಿಯಕ್ಕ ಅಲ್ಲೇ ಕೂತು ಅಣ್ಣನಿಗೆ ಫೋನು ಹಚ್ಚುತ್ತಾರೆ. ಆ ಕಡೆಯ ದನಿ ಫೋನಿನಿಂದ ಹೊರಗೆ ಹಾರುವಷ್ಟು ಜೋರು. ಮಾತು ತುಳುವಿನಲ್ಲಿ, ಅದರ ಸಾರ ಇಷ್ಟು: "ನಾನೇ ನಿನಗೆ ಮಾಡುವಾಂತಿದ್ದೆ ಕಿನ್ನಿ. ಇಲ್ಲಿ ಎಂತ ಆಯ್ತು ಗೊತ್ತುಂಟಾ? ಕುಚ್ಚಲಕ್ಕಿಗೇಂತ ಮಿಲ್ಲಿಗೆ ಹಾಕಿದ್ರೆ ಬೆಳ್ತಿಗೆ ಬಂತು ಮಾರಾಯ್ತಿ! ಮಿಲ್ಲಿನವ ನನ್ನ ಮುಖ ನೋಡಿ ನಗಾಡಿದ."

ಅಂದರೆ ಬೇಯಿಸಿದ ಭತ್ತ ಗೋದಲಿಗೆ ಬಂತು, ಬಿತ್ತನೆಯ ಭತ್ತ ಮಿಲ್ಲಿಗೆ ಹೋಗಿ ಬೆಳ್ತಿಗೆ ಎಂಬ ಬಿಳಿ ಅಕ್ಕಿಯಾಯಿತು. ತಂಗಿಯ ಟ್ರೇಗಳಿಗಷ್ಟೇ ಅಲ್ಲ, ಬೇಸಗೆಯ ಕೊಳಕೆ ಬೆಳೆಗೆಂದು ಅಣ್ಣ ಇಟ್ಟುಕೊಂಡ ಬೀಜವೂ ಅದೇ ಗೋಣಿಯಲ್ಲಿತ್ತು. ಅಕ್ಕಪಕ್ಕದವರ ಗದ್ದೆಯಲ್ಲಿ ಈಗ ಭತ್ತವೇ ಇಲ್ಲ. ಸಾಲ ಕೇಳಲು ಬೇರೆ ಮನೆ ಇಲ್ಲ.

ಫೋನು ಇಟ್ಟ ಮೇಲೆ ಕಿನ್ನಿಯಕ್ಕ ಅಂಗೈಯಲ್ಲಿದ್ದ ಕಾಳನ್ನು ಟ್ರೇಗೆ ಎಸೆಯುತ್ತಾರೆ. ಆಮೇಲೆ ಒಂದು ನಗು ಬರುತ್ತದೆ, ಅಳುವಿಗೆ ತೀರ ಹತ್ತಿರದ್ದು. "ಅಣ್ಣನ ಮನೆಯಲ್ಲಿ ಇನ್ನು ಮೂರು ತಿಂಗಳು ನೀರುದೋಸೆಯೇ," ಎನ್ನುತ್ತಾರೆ.

ಕಿನ್ನಿಯಕ್ಕನಿಗೆ ಅರವತ್ತು ದಾಟಿದೆ. ಬೆಳಿಗ್ಗೆ ಕೊಡಿಯಾಲ್‌ಬೈಲಿನ ಫ್ಲ್ಯಾಟುಗಳಲ್ಲಿ ಕುಂಡದ ಗಿಡಗಳನ್ನು ನೋಡಿಕೊಳ್ಳುವ ಕೆಲಸ. ನೀರು ಹಾಕುವುದು, ಮಣ್ಣು ಬಿಡಿಸುವುದು, ಹುಳ ಹೆಕ್ಕುವುದು. ಒಂದು ಕಟ್ಟಡ ಮುಗಿಸಿ ಇನ್ನೊಂದು ಹತ್ತುವಾಗ ಲಿಫ್ಟು ಕೆಟ್ಟಿದ್ದರೆ ಮೆಟ್ಟಿಲು. ಮಧ್ಯಾಹ್ನ ಮನೆಗೆ ಬಂದು ಉಣ್ಣುವ ಹೊತ್ತಿಗೆ ಗಂಡ ನೋಣಯ್ಯ ಬಂಗುಡೆ ಸಾರು ಮಾಡಿಟ್ಟಿರುತ್ತಾರೆ. ಅವರು ಬಂದರಿನಲ್ಲಿ ಮೂಟೆ ಹೊತ್ತವರು. ಈಗ ಮೂಟೆಗೆ ಸೊಂಟ ಏಳುವುದಿಲ್ಲ, ಅಡುಗೆಮನೆ ಅವರದ್ದು. "ಉಪ್ಪು ಮಾತ್ರ ಯಾವಾಗಲೂ ಒಂದು ಕಲ್ಲು ಜಾಸ್ತಿ," ಎಂದು ಹೆಂಡತಿಯ ದೂರು. "ತಿಂದ ಮೇಲೆ ಹೇಳ್ತಾಳೆ, ತಿನ್ನುವ ಮೊದಲು ಹೇಳುದಿಲ್ಲ," ಎಂದು ಗಂಡನದ್ದು.

ಗೋದಲಿಯ ಕೆಲಸಕ್ಕೆ ಇವರು ಬಂದದ್ದು ಓಣಿಯ ನೆರೆಮನೆಯಿಂದ. ಗ್ರಾಮವನ್ನು ಕಟ್ಟುವ ಹುಡುಗರ ಸಂಘದ ಹಿರಿಯ ವಿಲ್ಸನ್. ಅವರ ತಾಯಿ ಪ್ರತಿವರ್ಷ ಮನೆಯ ಗೋದಲಿಗೆ ಬಸಿಯಲ್ಲಿ ಭತ್ತ ಮೊಳಕೆ ಬರಿಸುತ್ತಿದ್ದರು. ವಯಸ್ಸಾಗಿ ಕೈ ನಡುಗತೊಡಗಿದಾಗ ಬಸಿಯನ್ನು ಕಿನ್ನಿಯಕ್ಕನ ಕೈಗೆ ಕೊಟ್ಟರು. "ನಿನ್ನ ಕೈಗುಣ ಒಳ್ಳೆದುಂಟು ಅಂತ ಹೇಳಿದ್ರು. ಈಗ ಅವರಿಲ್ಲ. ಬಸಿ ಹೋಗಿ ಟ್ರೇ ಆಯ್ತು, ಮನೆ ಹೋಗಿ ಮೈದಾನ ಆಯ್ತು," ಎನ್ನುತ್ತಾರೆ.

ಕಳೆದ ವರ್ಷ ನಾವು ಮನೆಮಂದಿಯೆಲ್ಲ ಈ ಗ್ರಾಮಕ್ಕೆ ಹೋಗಿದ್ದೆವು. ನೊರೆಯ ಹಿಮ ಸುರಿಯುವ ಯಂತ್ರ, ತಿರುಗುವ ನಕ್ಷತ್ರ, ಕೆಂಪು ಟೊಪ್ಪಿಯ ತಾತನ ಜೊತೆ ಫೋಟೋಕ್ಕೆ ಉದ್ದದ ಸಾಲು. ನಮ್ಮ ಮನೆಯ ಚಿಕ್ಕವಳು ಎಲ್ಲ ಬಿಟ್ಟು ಗದ್ದೆಯ ಬದುವಿನಲ್ಲಿ ಕೂತು ಪೈರಿನ ಮೇಲೆ ಅಂಗೈ ಆಡಿಸುತ್ತಿದ್ದಳು. ಇದನ್ನು ಯಾರು ಮಾಡಿದ್ದೆಂದು ಕೇಳಿದರೆ ಅಲ್ಲಿದ್ದ ಸ್ವಯಂಸೇವಕನಿಗೆ ಗೊತ್ತಿರಲಿಲ್ಲ. "ಅದು ಬರ್ತದೆ," ಎಂದ. ಹಾಲಿನ ಪ್ಯಾಕೆಟಿನ ಹಾಗೆ ಬೆಳಗಾದರೆ ತಾನಾಗಿ ಬರುತ್ತದೆಂಬಂತೆ. ಆ "ಬರ್ತದೆ"ಯ ಹಿಂದೆ ಯಾರಿದ್ದಾರೆಂದು ಹುಡುಕಿಕೊಂಡು ಬಂದದ್ದು ಈ ವರ್ಷ. ಬಂದ ದಿನವೇ ಭತ್ತ ಎದ್ದಿಲ್ಲ.

ಸುದ್ದಿ ಕೇಳಿ ವಿಲ್ಸನ್ ಬೈಕಿನಲ್ಲಿ ಬರುತ್ತಾರೆ. ಹೆಲ್ಮೆಟ್ ತೆಗೆಯದೆಯೇ ಟ್ರೇಗಳ ಮುಂದೆ ನಿಲ್ಲುತ್ತಾರೆ. ವಿಷಯ ಬೇರೆಯೂ ಇದೆ. ಸಂಘದಲ್ಲಿ ಹೋದ ವರ್ಷವೇ ಪ್ಲಾಸ್ಟಿಕ್ ಹುಲ್ಲಿನ ಮಾತು ಬಂದಿತ್ತು. ನೀರು ಬೇಡ, ಕಾಯುವುದು ಬೇಡ, ಸುರುಳಿ ಬಿಚ್ಚಿದರೆ ಗದ್ದೆ, ಸುತ್ತಿಟ್ಟರೆ ಮುಂದಿನ ವರ್ಷಕ್ಕೂ ಅದೇ. ವಿಲ್ಸನ್ ಹಟ ಹಿಡಿದು ಇನ್ನೊಂದು ವರ್ಷ ಭತ್ತವೇ ಇರಲಿ ಎಂದಿದ್ದರು. ತೊಂದರೆ ಬಂದರೆ ಮಾತ್ರ ಆಮೇಲೆ ಪ್ಲಾಸ್ಟಿಕ್ಕೇ ಎಂದು ಒಪ್ಪಂದ.

"ಕಿನ್ನಿಯಕ್ಕ, ನನಗೂ ಅದು ಇಷ್ಟ ಇಲ್ಲ," ಎನ್ನುತ್ತಾರೆ. "ಆದ್ರೆ ಗದ್ದೆ ಬೋಳು ಬಿಟ್ಟು ಗೇಟು ತೆಗಿಲಿಕ್ಕೆ ಆಗ್ತದಾ? ನಾನು ಹುಡುಗರಿಗೆ ಎಂತ ಹೇಳುದು? ಅಂಗಡಿಯಿಂದ ಬೀಜ ತರುವನಾ?"

"ಅಂಗಡಿ ಬೀಜಕ್ಕೆ ಔಷಧಿ ಹಚ್ಚಿರ್ತಾರೆ ವಿಲ್ಸನ್. ಮಕ್ಕಳು ಕೈ ಹಾಕ್ತಾರೆ, ಕೈ ಬಾಯಿಗೆ ಹೋಗ್ತದೆ."

"ಹೆಸರು ಕಾಳು? ಅದು ಬೇಗ ಬರ್ತದಲ್ಲ?"

ಕಿನ್ನಿಯಕ್ಕ ಅವರನ್ನು ನೋಡುವ ನೋಟಕ್ಕೆ ವಿಲ್ಸನ್ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿಯುತ್ತಾರೆ. "ನಿಮ್ಮ ಅಮ್ಮ ಇದ್ದಿದ್ರೆ ಹೆಸರು ಕಾಳಿನ ಗದ್ದೆಗೆ ಎಂತ ಹೇಳ್ತಿದ್ರು?"

"ಬೆನ್ನಿಗೆ ಕೊಡ್ತಿದ್ರು," ಎನ್ನುತ್ತಾರೆ ವಿಲ್ಸನ್ ಸಣ್ಣ ದನಿಯಲ್ಲಿ. ಆದರೂ ಹೋಗುವಾಗ ಪ್ಲಾಸ್ಟಿಕ್ ಹುಲ್ಲಿನವರಿಗೆ ಫೋನು ಮಾಡಿ ಸುರುಳಿ ತೆಗೆದಿರಿಸಲು ಹೇಳುವುದು ನಮಗೆ ಕೇಳಿಸುತ್ತದೆ. ಕಿನ್ನಿಯಕ್ಕನಿಗೂ ಕೇಳಿಸುತ್ತದೆ.

ತುಳುವಿನಲ್ಲಿ ಚಿಂತೆಗೆ ಮಂಡೆಬೆಚ್ಚ ಎನ್ನುತ್ತಾರೆ, ತಲೆಯೇ ಬಿಸಿಯಾಗುವ ಸ್ಥಿತಿ. ಕಿನ್ನಿಯಕ್ಕ ಆ ಬೆಳಿಗ್ಗೆ ನಿಜವಾಗಿಯೂ ತಲೆಗೆ ನೀರು ತಟ್ಟಿಕೊಂಡು ಮನೆಗೆ ನಡೆಯುತ್ತಾರೆ. ಒಂದೇ ಮಾತು ತಿರುಗಿ ತಿರುಗಿ ಬರುತ್ತದೆ: "ಪ್ಲಾಸ್ಟಿಕ್ ಒಮ್ಮೆ ಬಂದ್ರೆ ಹೋಗುದಿಲ್ಲ. ಅದಕ್ಕೆ ಸಾವಿಲ್ಲ ಅಲ್ವಾ."

ಅವರ ಮನೆಯ ಬಾಗಿಲು ತಗ್ಗು. ಒಳಗೆ ಹೋಗುವವರು ಬಗ್ಗಬೇಕು. ಬಗ್ಗುವಾಗ ಏನೋ ಅವರ ಕೂದಲಿಗೆ ತಾಗಿ ಸರಕ್ಕೆನ್ನುತ್ತದೆ. ಕಿನ್ನಿಯಕ್ಕ ಹೊಸ್ತಿಲಲ್ಲೇ ನಿಂತು ತಲೆ ಎತ್ತುತ್ತಾರೆ.

ಬಾಗಿಲ ಮೇಲೆ ಹೊಸ ತೆನೆ ಕಟ್ಟಿದೆ. ಮಾವಿನ ಎಲೆ, ಹಲಸಿನ ಎಲೆ, ಬಿದಿರೆಲೆಗಳ ನಡುವೆ ನಾಲ್ಕೈದು ಭತ್ತದ ತೆನೆ ಇಟ್ಟು ನಾರಿನಿಂದ ಬಿಗಿದ ಕಟ್ಟು. ಎಲೆಗಳು ಒಣಗಿ ಮುರುಟಿವೆ, ತೆನೆ ಹಾಗೆಯೇ ಇದೆ. ಹೊಸ ಬೆಳೆ ಬಂದಾಗ ಕಟ್ಟಿದ್ದು, ಮುಂದಿನ ಹೊಸ ಬೆಳೆಯ ತನಕ ಅಲ್ಲೇ ಇರಬೇಕು. ಬೇಯಿಸದ, ಕುಟ್ಟದ, ಹಸಿ ಭತ್ತ. ಅಣ್ಣನ ಗದ್ದೆಯದ್ದೇ. ಪ್ರತಿವರ್ಷ ತೆನೆ ಹಬ್ಬಕ್ಕೆ ಕಿನ್ನಿಯಕ್ಕ ತವರಿನಿಂದ ಹೊರೆ ತಂದು ಓಣಿಯ ಮನೆಗಳಿಗೂ ಕೆಲಸಕ್ಕೆ ಹೋಗುವ ಫ್ಲ್ಯಾಟುಗಳಿಗೂ ಹಂಚುತ್ತಾರೆ. ಪೇಟೆಯಲ್ಲಿ ತೆನೆ ಎಲ್ಲಿ ಸಿಗಬೇಕು?

ಅಂದರೆ ಆ ಬೀಜ ಪೂರ್ತಿ ಮಿಲ್ಲಿಗೆ ಹೋಗಿಲ್ಲ. ಸ್ವಲ್ಪ ಸ್ವಲ್ಪವಾಗಿ ಊರವರ ಬಾಗಿಲಲ್ಲಿ ತೂಗುತ್ತಿದೆ.

ಇದು ತಲೆಗೆ ಬಂದ ಕೂಡಲೇ ಸಂತೋಷವಾಗಬೇಕಿತ್ತು. ಕಿನ್ನಿಯಕ್ಕನ ಮುಖ ಇನ್ನಷ್ಟು ಬಾಡುತ್ತದೆ. ಕಟ್ಟಿದ ತೆನೆಯನ್ನು ವರ್ಷದ ನಡುವೆ ಬಿಚ್ಚುವ ಕ್ರಮ ಇಲ್ಲ. ಬಿಚ್ಚಿದರೆ ಮನೆಯ ಅನ್ನವನ್ನೇ ಹೊರಗೆ ಹಾಕಿದ ಹಾಗೆ ಎಂದು ಅವರ ಅತ್ತೆ ಹೇಳುತ್ತಿದ್ದರು. ಒಳಗಿನಿಂದ ಬಂದ ನೋಣಯ್ಯ ಸೌಟು ಹಿಡಿದುಕೊಂಡೇ ಎಲ್ಲ ಕೇಳುತ್ತಾರೆ. "ಬೇಡ," ಎನ್ನುತ್ತಾರೆ. "ಅಮ್ಮ ಹೇಳಿದ್ದು ನೆನಪುಂಟಾ ಇಲ್ವಾ?" ಎಂದು ಒಳಗೆ ಹೋಗುತ್ತಾರೆ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳುತ್ತದೆ. ಕಿನ್ನಿಯಕ್ಕ ಜಗಲಿಯಲ್ಲಿ ಕೂತಿರುತ್ತಾರೆ. ಕೆಲಸಕ್ಕೆ ಹೋಗುವ ಹೊತ್ತು ಮೀರುತ್ತದೆ, ಏಳುವುದಿಲ್ಲ.

ಪಾತ್ರೆಯ ಸದ್ದು ನಿಲ್ಲುತ್ತದೆ. ನೋಣಯ್ಯ ಸ್ಟೂಲು ಎಳೆದುಕೊಂಡು ಬರುತ್ತಾರೆ. ಸೊಂಟಕ್ಕೆ ಒಂದು ಕೈ ಕೊಟ್ಟು ಮೇಲೆ ಹತ್ತುತ್ತಾರೆ. "ನೀನು ಬಿಚ್ಚಬೇಡ. ಕಟ್ಟಿದವ ನಾನು, ಬಿಚ್ಚುವವನೂ ನಾನೇ. ಬೈಗುಳ ಬಂದ್ರೆ ನನ್ನ ಅಮ್ಮನದ್ದು ನನಗೇ ಬರ್ಲಿ," ಎನ್ನುತ್ತಾರೆ. ತೆನೆಯನ್ನು ಮಾತ್ರ ಮೆಲ್ಲಗೆ ಎಳೆದು ಹೆಂಡತಿಯ ಸೆರಗಿಗೆ ಹಾಕುತ್ತಾರೆ. ಒಣಗಿದ ಎಲೆಯೂ ನಾರೂ ಬಾಗಿಲಲ್ಲೇ ಉಳಿಯುತ್ತವೆ.

ಮೊದಲ ಬಾಗಿಲು ಸ್ವಂತದ್ದು. ಕಷ್ಟ ಇರುವುದು ಬೇರೆಯವರ ಬಾಗಿಲಲ್ಲಿ. ಕೊಟ್ಟ ತೆನೆಯನ್ನು ವಾಪಸು ಕೇಳುವುದು ಹೇಗೆ? ಮೊದಲ ಮನೆಯ ಮುಂದೆ ಕಿನ್ನಿಯಕ್ಕ ಗೇಟಿಗೆ ಕೈ ಹಾಕಿ ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಒಳಗಿನ ಹೆಂಗಸೇ ಹೊರಗೆ ಬಂದು, "ಎಂತ ಕಿನ್ನಿಯಕ್ಕ, ಗೇಟಿಗೆ ಎಣ್ಣೆ ಬಿಡ್ಲಿಕ್ಕೆ ಬಂದದ್ದಾ?" ಎಂದು ನಗೆಯಾಡಿದ ಮೇಲೆ ಬಾಯಿ ಬಿಡುತ್ತಾರೆ. ಆ ಮನೆಯವರು ಕೊಡುತ್ತಾರೆ. ಮುಂದಿನ ಮನೆಯವರು ಇವತ್ತು ಶುಕ್ರವಾರ, ನಾಳೆ ಬನ್ನಿ ಎನ್ನುತ್ತಾರೆ. ಅದರಾಚೆಯ ಮನೆಯ ಯಜಮಾನರು ಕೇಳಿಸಿಕೊಂಡು, "ಗೋದಲಿಗೆ ನಮ್ಮ ಬಾಗಿಲ ತೆನೆ ಯಾಕೆ?" ಎಂದು ಬಾಗಿಲು ಹಾಕುತ್ತಾರೆ. ಕಿನ್ನಿಯಕ್ಕ ಆ ಮುಚ್ಚಿದ ಬಾಗಿಲ ಮೇಲಿನ ತೆನೆಯನ್ನು ಒಮ್ಮೆ ನೋಡಿ ಮುಂದಕ್ಕೆ ಹೋಗುತ್ತಾರೆ. "ಅವರದ್ದು ತಪ್ಪಲ್ಲ," ಎನ್ನುತ್ತಾರೆ. ಆದರೆ ಅಲ್ಲಿಂದ ಮುಂದೆ ಅವರ ನಡಿಗೆ ನಿಧಾನವಾಗುತ್ತದೆ.

ಕೊಡಿಯಾಲ್‌ಬೈಲಿನ ಫ್ಲ್ಯಾಟಿನಲ್ಲಿ ನೀರಜಾಕ್ಷಿಯಮ್ಮ ಇದ್ದಾರೆ. ಅರ್ಚಕರ ಮನೆತನದವರು, ನಿವೃತ್ತ ಟೀಚರು. ಇವರ ಬಾಲ್ಕನಿಯ ಗಿಡಗಳು ಕಿನ್ನಿಯಕ್ಕನ ಕೈಯಲ್ಲಿ ಬೆಳೆದವು. ತಡವಾಗಿ ಬಂದದ್ದಕ್ಕೆ ಬೈಯಲು ಬಾಯಿ ತೆರೆದವರು ವಿಷಯ ಕೇಳಿ ಬೈಗುಳ ಮರೆಯುತ್ತಾರೆ.

"ನಡುವಲ್ಲಿ ಬಿಚ್ಚಿದ್ರೆ ಆಗ್ತದಾ ಕಿನ್ನಿ?"

"ಆಗ್ತದೋ ಇಲ್ವೋ ನನಗೆ ಗೊತ್ತಿಲ್ಲ ಅಮ್ಮ. ಅದಕ್ಕೇ ನಿಮ್ಮ ಹತ್ರ ಕೇಳಿದ್ದು."

ನೀರಜಾಕ್ಷಿಯಮ್ಮ ಬಾಗಿಲ ಕಡೆ ನೋಡಿ ಸ್ವಲ್ಪ ಯೋಚಿಸುತ್ತಾರೆ. "ಒಣಗಿದ ಮೇಲೆ ನಾನು ಇದನ್ನು ಎಂತ ಮಾಡ್ತೇನೆ ಹೇಳು? ಹೊಸತು ಕಟ್ಟುವಾಗ ಹಳತನ್ನು ಹೂವಿನ ಕುಂಡಕ್ಕೆ ಹಾಕ್ತೇನೆ. ಮಣ್ಣಿಗೇ ಹೋಗುದಲ್ವಾ? ಸ್ವಲ್ಪ ಬೇಗ ಹೋಗ್ಲಿ." ಆಮೇಲೆ ಬೆರಳು ಎತ್ತುತ್ತಾರೆ, ತರಗತಿಯಲ್ಲಿ ಎತ್ತುತ್ತಿದ್ದ ಹಾಗೆ. "ಆದ್ರೆ ನನ್ನ ಬಾಗಿಲು ಬರಿ ಇರ್ಬಾರ್ದು. ವಾಪಸ್ ಕೊಡ್ಬೇಕು."

"ಕೊಡ್ತೇನೆ," ಎನ್ನುತ್ತಾರೆ ಕಿನ್ನಿಯಕ್ಕ. ಅಲ್ಲಿಂದ ಮುಂದಿನ ಎಲ್ಲ ಬಾಗಿಲುಗಳಲ್ಲೂ, ಕೇಳದವರಿಗೂ, ಅದೇ ಮಾತು ಕೊಡುತ್ತಾ ಹೋಗುತ್ತಾರೆ.

ಸಂಜೆಗೆ ಭತ್ತ ಉದುರಿಸಿ, ಉಪ್ಪುನೀರಿಗೆ ಹಾಕಿ, ತೇಲಿದ ಜೊಳ್ಳು ತೆಗೆದ ಮೇಲೆ ಒಂದು ಸೇರು ಆದರೆ ಹೆಚ್ಚು. ಗುಬ್ಬಚ್ಚಿಗಳು ಎಷ್ಟೋ ತೆನೆಗಳನ್ನು ಮೊದಲೇ ಖಾಲಿ ಮಾಡಿವೆ. ಕತ್ತಲಾಗುವ ಮೊದಲು ವಿಲ್ಸನ್ ಬರುತ್ತಾರೆ. ಕೈಯಲ್ಲಿ ಕಾಗದದ ಪೊಟ್ಟಣ. ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ತೆನೆ, ಅವರ ಮನೆಯ ದೇವರ ಪೀಠದಲ್ಲಿ ತಾಯಿಯ ಫೋಟೋದ ಹತ್ತಿರ ಇದ್ದದ್ದು. "ಒಂದೇ ತೆನೆ," ಎಂದು ಸಂಕೋಚದಿಂದ ನೀಡುತ್ತಾರೆ. ಅದು ಬೇರೆ ಗದ್ದೆಯ ಭತ್ತ. ಕಿನ್ನಿಯಕ್ಕ ಅದನ್ನು ಬೆರೆಸದೆ ಗೆರಟೆಯಲ್ಲಿ ಪ್ರತ್ಯೇಕ ನೆನೆಹಾಕುತ್ತಾರೆ.

ಇನ್ನು ಉಳಿದದ್ದು ದಿನಗಳ ಪ್ರಶ್ನೆ. ಡಿಸೆಂಬರಿನ ಚಳಿಗೆ ಮೊಳಕೆ ನಿಧಾನ. ಉಪಾಯ ಮುಖೇಶ್‌ ಅವರದ್ದು. ಗೋಣಿ ಬದಲಾದದ್ದು ತನ್ನಿಂದ ಎಂದು ಅವರು ಸರಿಯಾಗಿ ಉಂಡಿಲ್ಲ. ಕ್ರಿಸ್ಮಸ್ ಸಮಯದಲ್ಲಿ ಅವರ ಟೆಂಪೋ ಓಡುವುದು ಕುದ್ರೋಳಿಯ ಬಾಸಿತ್‌ ಅವರ ಬೇಕರಿಗೆ. ಅಲ್ಲಿ ಒಲೆಯ ಹಿಂದೆ, ಬ್ರೆಡ್ಡಿನ ಹಿಟ್ಟು ಉಬ್ಬಲು ಇಡುವ ಸಣ್ಣ ಕೋಣೆ ಇದೆ. ಬೆಚ್ಚಗೆ, ಹಬೆಹಬೆಯಾಗಿ, ಮಳೆಗಾಲದ ಗದ್ದೆಯ ಹಾಗೆ.

ಬಾಸಿತ್ ಕಿನ್ನಿಯಕ್ಕ ತಂದ ಭತ್ತದ ಗಂಟನ್ನು ನೋಡಿ ಗಡ್ಡ ಕೆರೆಯುತ್ತಾರೆ. "ಮಣ್ಣು ಉಂಟಾ ಇದರಲ್ಲಿ?"

"ಇಲ್ಲ ಬಾಸಿತ್. ತೊಳೆದ ಭತ್ತ. ಬಟ್ಟೆಯೂ ಹೊಸತು."

"ಹಾಗಾದ್ರೆ ಮೇಲಿನ ಅಟ್ಟಕ್ಕೆ ತೂಗಿಸಿ. ಆದ್ರೆ ಕಿನ್ನಿಯಕ್ಕ, ಇದು ಸೀಸನ್. ಒಳಗೆ ಹೊರಗೆ ಬಾಗಿಲು ತೆಗಿತಾ ಇದ್ರೆ ನನ್ನ ಹಿಟ್ಟು ಕೂತ್ಕೊಳ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನೀರು ಹಾಕುದು, ಹೋಗುದು. ಕೂತು ಮಾತಾಡಿಸ್ಲಿಕ್ಕೆ ಇಲ್ಲ."

"ಭತ್ತವನ್ನು ಮಾತಾಡಿಸ್ತೇನೇಂತ ನಿನಗೆ ಯಾರು ಹೇಳಿದ್ದು?"

"ಮುಖೇಶ್."

ಎರಡು ದಿನ ಕಿನ್ನಿಯಕ್ಕ ಹೇಳಿದ ಹೊತ್ತಿಗೆ ಹೋಗಿ, ಹೇಳಿದಷ್ಟೇ ಹೊತ್ತು ನಿಂತು ಬರುತ್ತಾರೆ. ಜಾಸ್ತಿ ಬಿಸಿಯಾದರೆ ಇದೂ ಬೇಯುತ್ತದೆ ಎಂಬ ಹೆದರಿಕೆ ಬೇರೆ. ಮೂರನೆಯ ಬೆಳಿಗ್ಗೆ ನಾವೂ ಜೊತೆಗಿದ್ದೇವೆ. ಬೇಕರಿಯಲ್ಲಿ ಪ್ಲಮ್ ಕೇಕಿನ ಪರಿಮಳ ಗೋಡೆಗೇ ಅಂಟಿದಂತಿದೆ. ಅವರು ಗಂಟು ಇಳಿಸುತ್ತಾರೆ. ಬಿಚ್ಚುವ ಮೊದಲು ಅಂಗೈಯನ್ನು ಅದರ ಮೇಲೆ ಇಟ್ಟು ಕಣ್ಣು ಮುಚ್ಚುತ್ತಾರೆ. "ಬಿಚ್ಚಿ ಮಾರಾಯ್ರೆ, ನನಗೇ ಎದೆ ಹೊಡ್ಕೊಳ್ತಾ ಉಂಟು," ಎನ್ನುತ್ತಾರೆ ಬಾಸಿತ್, ಹಿಟ್ಟಿನ ಕೈಯನ್ನು ಮೇಲೆತ್ತಿ ಹಿಡಿದು.

ಬಟ್ಟೆ ಬಿಚ್ಚಿಕೊಳ್ಳುತ್ತದೆ. ಕಾಳು ಕಾಳಿಗೂ ಬಿಳಿ ಮೂತಿ.

ಕಿನ್ನಿಯಕ್ಕ ಒಂದು ಕಾಳನ್ನು ಎತ್ತಿ ಬಾಸಿತ್‌ಗೆ ತೋರಿಸುತ್ತಾರೆ. ಬಾಸಿತ್ ಒಳಗಿನವರಿಗೆಲ್ಲ ಬೊಬ್ಬೆ ಹೊಡೆದು ಹೇಳುತ್ತಾರೆ.

ಟ್ರೇಗೆ ಬಿದ್ದ ಮೇಲೆ ಕಥೆ ಸುಲಭವಾಗುತ್ತದೆಂದು ನಾವು ಅಂದುಕೊಂಡಿದ್ದೆವು. ಕಡಲಲ್ಲಿ ಎಲ್ಲೋ ಗಾಳಿ ಎದ್ದಿದೆಯಂತೆ, ಮಂಗಳೂರಿನ ಮೇಲೆ ಮೋಡ ಕವಿಯುತ್ತದೆ. ಬಿಸಿಲಿಲ್ಲದೆ ಪೈರು ಹಳದಿಗೆ ತಿರುಗುತ್ತದೆ. ಗೇಟಿನ ಮುಂದೆ ಬಣ್ಣದ ಬೋರ್ಡು ಏರುತ್ತದೆ, ಹಿಮದ ಯಂತ್ರ ಬಂದಿಳಿಯುತ್ತದೆ, ಒಂಟೆಗೂ ಬಣ್ಣವಾಗುತ್ತದೆ. ಟರ್ಪಾಲಿನ ಹಿಂದೆ ಕಿನ್ನಿಯಕ್ಕ ಮುಖ ಮೇಲೆ ಮಾಡಿ ಕೂತಿರುತ್ತಾರೆ. ರಸ್ತೆಯಲ್ಲಿ ಹೋಗುವವರು ಅವರು ಮೇಲೆ ಕಟ್ಟಿದ ನಕ್ಷತ್ರ ನೋಡುತ್ತಿದ್ದಾರೆಂದು ತಿಳಿಯಬೇಕು. ಮೋಡ ಹರಿದಲ್ಲಿ ಬಿಸಿಲಿನ ತುಂಡು ಬಿದ್ದರೆ ನೋಣಯ್ಯ, ಮುಖೇಶ್ ಇಬ್ಬರೂ ಟ್ರೇಗಳನ್ನು ಎತ್ತಿ ಅಲ್ಲಿಗೆ ಇಡುತ್ತಾರೆ. ಬಿಸಿಲು ಸರಿದರೆ ಟ್ರೇಯೂ ಸರಿಯುತ್ತದೆ. "ಬಂದರಿನಲ್ಲಿ ಇಷ್ಟು ಹೊತ್ತಿಲ್ಲ," ಎನ್ನುತ್ತಾರೆ ನೋಣಯ್ಯ. "ಅಲ್ಲಿ ಮೂಟೆ ಇಟ್ಟ ಜಾಗದಲ್ಲಿ ಇರ್ತಿತ್ತು."

ಗೇಟು ತೆರೆಯುವ ದಿನದ ಬೆಳಿಗ್ಗೆ ಪ್ಲಾಸ್ಟಿಕ್ ಹುಲ್ಲಿನ ಟೆಂಪೋ ಬಂದು ನಿಲ್ಲುತ್ತದೆ. ಹಸಿರು ಸುರುಳಿಗಳು ಕಣ್ಣಿಗೆ ಹೊಡೆಯುವಷ್ಟು ಹಸಿರು. ಅದರ ಮುಂದೆ ಕಿನ್ನಿಯಕ್ಕನ ಪೈರು ಬೆರಳುದ್ದ, ಅಲ್ಲಲ್ಲಿ ಇನ್ನೂ ಎಳೆ ಹಳದಿ. ಹೋದ ವರ್ಷದ ಗದ್ದೆಯ ಕಾಲುಭಾಗವೂ ಇಲ್ಲ. ಸಂಘದ ಹುಡುಗರು ಒಂದು ಕಡೆ, ಅವರ ನಡುವೆ ವಿಲ್ಸನ್. ನೋಣಯ್ಯ ದೂರದಲ್ಲಿ ಬಿದಿರಿಗೆ ಒರಗಿ ನಿಂತು ಅನ್ಯಮನಸ್ಕರಂತೆ ನಟಿಸುತ್ತಾರೆ. ಹುಡುಗನೊಬ್ಬ, "ಇದು ಜನರಿಗೆ ಕಾಣುದೇ ಇಲ್ಲ ವಿಲ್ಸನಣ್ಣ," ಎನ್ನುತ್ತಾನೆ.

"ಆಚೆ ಮಾಡಿದ ಗುಡ್ಡಕ್ಕೆ ಪ್ಲಾಸ್ಟಿಕ್ ಹಾಕಿ," ಎನ್ನುತ್ತಾರೆ ಕಿನ್ನಿಯಕ್ಕ. ಎಲ್ಲರೂ ತಿರುಗುತ್ತಾರೆ. "ಫೋಟೋ ತೆಗೆಯುವಲ್ಲಿಗೆ ಹಾಕಿ, ದಾರಿಗೆ ಹಾಕಿ, ನಾನು ಬೇಡ ಹೇಳುದಿಲ್ಲ. ಕೊಟ್ಟಿಗೆಯ ಮುಂದೆ ಮಾತ್ರ ಬೇಡ. ಅಲ್ಲಿಗೆ ಇದು ಸಾಕಾಗ್ತದೆ."

ವಿಲ್ಸನ್ ಟ್ರೇಗಳನ್ನು ನೋಡುತ್ತಾರೆ. ಅಂಚಿನಲ್ಲಿರುವ ಗೆರಟೆಯನ್ನು ನೋಡುತ್ತಾರೆ. ಅವರ ತಾಯಿಯ ಫೋಟೋದ ಹತ್ತಿರ ಇದ್ದ ತೆನೆ ಅದರಲ್ಲಿ ಒಂದು ಹಿಡಿ ಪೈರಾಗಿದೆ. "ಅಲ್ಲಿಗೆ ಸಾಕು," ಎಂದು ಅವರೇ ಮೊದಲ ಟ್ರೇ ಎತ್ತುತ್ತಾರೆ.

ಇಷ್ಟು ವರ್ಷ ಕಿನ್ನಿಯಕ್ಕ ಗೇಟು ತೆರೆಯುವ ಮೊದಲೇ ಹಿಂಬದಿಯಿಂದ ಮನೆಗೆ ಹೋಗುತ್ತಿದ್ದರು. ಈ ಸಂಜೆ ಮುಖೇಶ್ ಎಲ್ಲರನ್ನೂ ಮುಂದಿನ ಗೇಟಿನಿಂದ ಕರೆದುಕೊಂಡು ಬಂದಿದ್ದಾರೆ. ಕಿನ್ನಿಯಕ್ಕ ಹೊಸ ಸೀರೆಯಲ್ಲಿದ್ದಾರೆ. ನೋಣಯ್ಯ ಇಸ್ತ್ರಿ ಮಾಡಿದ ಅಂಗಿಯಲ್ಲಿ. ಮುಖೇಶ್‌ರ ಮಗಳು ಮೋಕ್ಷಾ ಅಜ್ಜಿಯ ಕೈ ಹಿಡಿದುಕೊಂಡೇ ಒಳಗೆ ಬರುತ್ತಾಳೆ, ಮೇಲಿನಿಂದ ನೊರೆಯ ಹಿಮ ಬೀಳುವುದು ಕಂಡದ್ದೇ ಕೈ ಬಿಡಿಸಿಕೊಂಡು ಓಡುತ್ತಾಳೆ. "ಗದ್ದೆ ನೋಡುದಿಲ್ವಾ?" ಎಂದು ಅಜ್ಜಿ ಕೂಗುತ್ತಾರೆ. "ಆಮೇಲೆ ಅಜ್ಜೀ!" ಎಂಬ ಉತ್ತರ ಹಿಮದ ಒಳಗಿನಿಂದ ಬರುತ್ತದೆ.

ಗಂಡಹೆಂಡತಿ ಇಬ್ಬರೇ ಗೋದಲಿಯ ಮುಂದೆ ನಿಲ್ಲುತ್ತಾರೆ. ದೀಪದ ಬೆಳಕಿನಲ್ಲಿ ಪೈರಿನ ಹಳದಿ ಕಾಣುವುದಿಲ್ಲ. ಕೊಟ್ಟಿಗೆಯ ಹೊಸ್ತಿಲಿಗೆ ತಾಗಿ ವಿಲ್ಸನ್‌ರ ಗೆರಟೆ ಇದೆ.

"ನಮ್ಮ ಬಾಗಿಲಿಂದು ಯಾವುದು?" ಎನ್ನುತ್ತಾರೆ ನೋಣಯ್ಯ.

"ಹೆಸರು ಬರ್ದಿಟ್ಟಿದ್ದೇನಾ?"

ಜನ ಬರುತ್ತಾರೆ, ನಿಲ್ಲುತ್ತಾರೆ, ಹೋಗುತ್ತಾರೆ. ಕಿನ್ನಿಯಕ್ಕ ಮಾತ್ರ ಜನರ ಮುಖ ನೋಡುವುದಿಲ್ಲ, ಅವರ ಕೈ ನೋಡುತ್ತಾರೆ. ಪೈರು ಕೀಳುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಅದಕ್ಕೇ ತಾನು ಈವರೆಗೆ ಬರಲಿಲ್ಲ ಎಂದು ನಮ್ಮ ಕಿವಿಯಲ್ಲಿ ಹೇಳುತ್ತಾರೆ. ಹೇಳುತ್ತಿದ್ದ ಹಾಗೆಯೇ ಒಂದು ಸಂಸಾರ ಬಂದು ಬದುವಿನ ಹತ್ತಿರ ಬಗ್ಗುತ್ತದೆ.

"ಇದು ಒರಿಜಿನಲಾ?" ಎಂದು ಹೆಂಡತಿ ಕೇಳುತ್ತಾಳೆ.

"ಎಲ್ಲಿಯ ಒರಿಜಿನಲ್? ಈಗ ಎಲ್ಲ ಚೀನಾದ್ದು ಮಾರಾಯ್ತಿ," ಎನ್ನುತ್ತಾನೆ ಗಂಡ. ಅವರ ಪುಟ್ಟ ಹುಡುಗ ಕೈ ಚಾಚಿ ಒಂದು ಎಸಳನ್ನು ಪಟ್ಟನೆ ಕಿತ್ತು ಬಾಯಿಗಿಡುತ್ತಾನೆ.

ಕಿನ್ನಿಯಕ್ಕ ಒಂದು ಹೆಜ್ಜೆ ಮುಂದಿಟ್ಟಾಗಿದೆ. ಬೈಗುಳ ಬಾಯಿಯ ತನಕ ಬಂದದ್ದು ನಮಗೆ ಕಾಣುತ್ತದೆ. ಹುಡುಗ ಎಸಳನ್ನು ಜಗಿದು ಮುಖ ಹುಳ್ಳಗೆ ಮಾಡಿ, "ಅಮ್ಮಾ, ಹುಲ್ಲು!" ಎನ್ನುತ್ತಾನೆ.

"ಚೀನಾದ್ದಲ್ಲ," ಎನ್ನುತ್ತಾರೆ ಕಿನ್ನಿಯಕ್ಕ ಆ ಗಂಡಸಿಗೆ. ದನಿ ಅವರಿಗೇ ಅನಿರೀಕ್ಷಿತವಾಗಿ ಏರಿದೆ. "ನಮ್ಮ ಬಾಗಿಲಿಂದು."

ಆತನಿಗೆ ಅರ್ಥವಾಗುವುದಿಲ್ಲ. ಆದರೂ ತಲೆಯಾಡಿಸಿ, ಎಸಳು ಕಿತ್ತ ಜಾಗವನ್ನು ಬೆರಳಿನಿಂದ ಸರಿ ಮಾಡಿ ಹೋಗುತ್ತಾನೆ. ನೋಣಯ್ಯ ಬೇರೆ ಕಡೆ ತಿರುಗಿ ನಗುತ್ತಾರೆ.

ಎಲ್ಲ ಒಳ್ಳೆಯದಾಯಿತಲ್ಲ, ಇನ್ನು ಮಂಡೆಬೆಚ್ಚ ಮುಗಿಯಿತಾ ಎಂದು ಕೇಳಿದರೆ ಕಿನ್ನಿಯಕ್ಕ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಜನವರಿಯ ಮೊದಲ ವಾರದ ಮೂರು ರಾಯರ ಹಬ್ಬ ಮುಗಿದ ಮರುದಿನ ಗ್ರಾಮ ಬಿಚ್ಚುತ್ತಾರೆ. ಆವತ್ತು ಈ ಪೈರು ನಾಟಿಯ ನೇಜಿಯಾಗಿ ಮುಖೇಶ್‌ರ ಟೆಂಪೋದಲ್ಲಿ ಬಜಪೆಗೆ ಹೋಗುತ್ತದೆ. ಅಣ್ಣ ಗದ್ದೆಯ ಒಂದು ಮೂಲೆ ಉತ್ತು ಕಾಯುತ್ತಿದ್ದಾರೆ. ಅಪ್ಪನ ಕಾಲದ ಆ ಭತ್ತ ಈಗ ಉಳಿದಿರುವುದು ಈ ಟ್ರೇಗಳಲ್ಲಿ ಮತ್ತು ಬಿಚ್ಚಲೊಪ್ಪದ ಕೆಲವು ಬಾಗಿಲುಗಳಲ್ಲಿ ಮಾತ್ರ.

"ನೇಜಿ ಮಣ್ಣು ಹಿಡಿಬೇಕು, ತೋಡಿನಲ್ಲಿ ನೀರು ಇರ್ಬೇಕು, ನವಿಲು ಬರ್ಬಾರ್ದು," ಎಂದು ಬೆರಳು ಮಡಚುತ್ತಾರೆ. "ತೆನೆ ಬಂದ ಮೇಲೆ ಮೊದಲು ಕೊಟ್ಟವರ ಬಾಗಿಲಿಗೆ. ಟೀಚರಮ್ಮನಿಗೆ, ವಿಲ್ಸನ್‌ಗೆ, ಆ ಶುಕ್ರವಾರದ ಮನೆಯವರಿಗೂ, ಪಾಪ, ಮರುದಿನ ಅವರೇ ತಂದು ಕೊಟ್ಟಿದ್ರು. ಬಾಸಿತ್‌ಗೂ ಒಂದು ಕಟ್ಟು. ಅವನು ಎಲ್ಲಿ ಬೇಕಾದ್ರೂ ಇಟ್ಕೊಳ್ಳಲಿ."

ಹಿಮದಲ್ಲಿ ನೆನೆದ ಮೋಕ್ಷಾ ಓಡಿ ಬಂದು ಅಜ್ಜಿಯ ಹೊಸ ಸೀರೆಗೆ ಮುಖ ಒರೆಸುತ್ತಾಳೆ. ಈಗ ಅವಳಿಗೆ ಗದ್ದೆ ನೋಡಬೇಕಂತೆ. ಕಿನ್ನಿಯಕ್ಕ ಅವಳ ಅಂಗೈಯನ್ನು ಹಿಡಿದು ಪೈರಿನ ತುದಿಯ ಮೇಲೆ ಮೆಲ್ಲಗೆ ಆಡಿಸುತ್ತಾರೆ. ಕಣ್ಣು ಮಾತ್ರ ಪಕ್ಕದವರ ಕೈಗಳ ಮೇಲೆಯೇ ಇದೆ.

"ತೆನೆ ಕಟ್ಟಿದ ನಾರು ಇವರು ಬಿಚ್ಚಲಿಲ್ಲ, ಬಾಗಿಲಲ್ಲಿ ಹಾಗೇ ಉಂಟು," ಎನ್ನುತ್ತಾರೆ. "ದಿನಾ ಒಳಗೆ ಹೋಗುವಾಗ ನಾನು ಬಗ್ಗುತ್ತೇನೆ, ತಲೆಗೆ ಎಂತದೂ ತಾಗುದಿಲ್ಲ. ಹೊಸ ತೆನೆ ಬಂದು ಒಮ್ಮೆ ತಾಗುವ ಹಾಗೆ ಆದ್ರೆ ಸಾಕು ನನಗೆ."